ಕರುಳಿನ ಸೋಂಕುರೋಗಗಳು: ರೋಗಕಾರಕಗಳು ಮತ್ತು ರೋಗನಿರ್ಣಯ

ಬಹುಪಾಲು ಬಾಯಿಯ ಮೂಲಕ, ಕೆಲವೊಮ್ಮೆ ಚರ್ಮವನ್ನು ಕೊರೆದುಕೊಂಡು ಮೈಯೊಳಗೆ ಸೇರಿದ ಬ್ಯಾಕ್ಟೀರಿಯಾ, ವೈರಸ್, ಏಕಕೋಶ ಪರಾವಲಂಬಿ ಅಥವಾ ಹುಳು ಕರುಳಿನಲ್ಲಿ ನೆಲೆಯೂರಿ ಅದರ ಒಳಪೊರೆಯ ಕೆಲಸವನ್ನು ಕೆಡಿಸಿದಾಗ ಉಂಟಾಗುವ ಕಾಯಿಲೆಗಳನ್ನು ಕರುಳಿನ ಸೋಂಕುರೋಗಗಳೆಂದು ಕರೆಯಲಾಗುತ್ತದೆ. ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಭೇದಿ, ವಾಂತಿಭೇದಿ, ಆಮಶಂಕೆ, ರಕ್ತಭೇದಿ, ಜಂತುಬಾಧೆ ಎಂಬ ಮಾತುಗಳೂ ಆಯುರ್ವೇದದಿಂದ ಬಂದ ಅತಿಸಾರ, ಗ್ರಹಣಿ ಎಂಬ ಪದಗಳೂ ರೋಗಿಯಲ್ಲಿ ಕಣ್ಣಿಗೆ ಕಂಡ ಲಕ್ಷಣವನ್ನು ಹೇಳುತ್ತವೆಯೇ ಹೊರತು ರೋಗಾಣುವನ್ನು ಹೆಸರಿಸುವುದಿಲ್ಲ. ಆದರೂ ನೀರಿನಂತಹ ಭೇದಿಯನ್ನು ರಕ್ತ ಮತ್ತು ಲೋಳೆ ಬೆರೆತ ಆಮಶಂಕೆಯಿಂದ ಬೇರ್ಪಡಿಸುವ ಆ ಹಳೆಯ ವಿಂಗಡಣೆ ಇಂದಿನ ವೈದ್ಯವಿಜ್ಞಾನದಲ್ಲಿಯೂ ರೋಗನಿರ್ಣಯದ ಮೊದಲ ಕವಲಾಗಿ ಉಳಿದಿದೆ. 24 ಗಂಟೆಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ ತೆಳುವಾದ ಮಲ ಹೋಗುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಅತಿಸಾರವೆಂದು ನಿರೂಪಿಸಿದೆ. 14 ದಿನಗಳಾದರೂ ನಿಲ್ಲದಿದ್ದರೆ ಅದನ್ನು ಪಟ್ಟುಹಿಡಿದ ಅತಿಸಾರವೆಂದು ಬೇರೆಯಾಗಿ ಎಣಿಸಲಾಗುತ್ತದೆ. ಎದೆಹಾಲನ್ನಷ್ಟೇ ಕುಡಿಯುವ ಕೂಸು ದಿನಕ್ಕೆ ಹಲವು ಬಾರಿ ಮೆತ್ತಗೆ ವಿಸರ್ಜಿಸುವುದು ಈ ಲೆಕ್ಕಕ್ಕೆ ಸೇರದು. ಅದೇ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಐದು ವರ್ಷದೊಳಗಿನ 4 ಲಕ್ಷಕ್ಕೂ ಹೆಚ್ಚು ಮಕ್ಕಳು ಅತಿಸಾರದಿಂದ ಸಾಯುತ್ತಾರೆ, ಮತ್ತು ಆ ಸಾವುಗಳಲ್ಲಿ ಹೆಚ್ಚಿನವು ಶುದ್ಧ ನೀರು, ಶೌಚಾಲಯ ಮತ್ತು ಸಕಾಲದ ಆರೈಕೆಯಿಂದ ತಪ್ಪಿಸಬಹುದಾಗಿದ್ದವು.

ಈ ರೋಗಗಳ ನಿರ್ಣಯದಲ್ಲಿ ಎಲ್ಲೆಡೆ ಇರದ ಒಂದು ತೊಡಕಿದೆ. ಆರೋಗ್ಯವಂತನ ರಕ್ತದಲ್ಲಿಯಾಗಲಿ ಮಿದುಳುಬಳ್ಳಿಯ ದ್ರವದಲ್ಲಿಯಾಗಲಿ ಬ್ಯಾಕ್ಟೀರಿಯಾ ಇರಬಾರದು; ಅಲ್ಲಿ ಒಂದು ರೋಗಾಣು ಸಿಕ್ಕಿತೆಂದರೆ ಅದೇ ಅಪರಾಧಿಯೆಂದು ಹೇಳಿಬಿಡಬಹುದು. ಕರುಳಾದರೋ ಅಸಂಖ್ಯ ಸೂಕ್ಷ್ಮಜೀವಿಗಳ ಖಾಯಂ ವಸತಿ, ಮತ್ತು ರೋಗ ತರಬಲ್ಲ ಜೀವಿಯೂ ಎಷ್ಟೋ ಸಲ ಯಾವ ತೊಂದರೆಯನ್ನೂ ಮಾಡದೆ ಅಲ್ಲಿ ಬಂದುಹೋಗುತ್ತದೆ. ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ 1892ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, ಕಾಲರಾ ಬ್ಯಾಕ್ಟೀರಿಯಾ ಒಂದರಿಂದಲೇ ಕಾಲರಾ ಬರುವುದಿಲ್ಲವೆಂದು ಸಾಧಿಸಲು ಅದರ ಕೃಷಿದ್ರವವನ್ನೇ ಕುಡಿದು ಸಣ್ಣ ಭೇದಿಯೊಂದಿಗೆ ಪಾರಾದರು. ಅವರ ಸಿದ್ಧಾಂತ ತಪ್ಪಾಗಿತ್ತು, ಆದರೆ ಅವರ ದೇಹ ಹೇಳಿದ ಸಾಕ್ಷ್ಯ ಸುಳ್ಳಾಗಿರಲಿಲ್ಲ. ಇದಕ್ಕಿಂತ ಹತ್ತಿರದ ನಿದರ್ಶನ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಇಲ್ಲಿನ ನವಜಾತ ಶಿಶುಗಳ ಮಲದಲ್ಲಿ ಪತ್ತೆಹಚ್ಚಿದ ಐ321 ಎಂಬ ರೋಟಾವೈರಸ್ ತಳಿಯ ಹೆಚ್ಚಿನ ಜೀನುಗಳು ದನಗಳ ರೋಟಾವೈರಸ್ಸಿನವಾಗಿದ್ದವು. ಅದನ್ನು ಹೊತ್ತಿದ್ದ ಕೂಸುಗಳಿಗೆ ಭೇದಿಯೇ ಇರಲಿಲ್ಲ. ಅದೇ ಬಗೆಯ ತಳಿ ವೆಲ್ಲೂರಿನ ನವಜಾತ ಶಿಶುಗಳಲ್ಲಿ ರೋಗಲಕ್ಷಣಗಳೊಂದಿಗೂ ಕಾಣಿಸಿಕೊಂಡಿತು. ಆದುದರಿಂದ ಮಲದಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ, ಈ ರೋಗಿಯ ಈ ಕಾಯಿಲೆಗೆ ಅದೇ ಕಾರಣವೇ ಎಂಬ ಇನ್ನೊಂದು ಪ್ರಶ್ನೆ ಉಳಿದೇ ಇರುತ್ತದೆ.

ಕರುಳು ಕೆಡುವ ಬಗೆ

ಕುಡಿದ ನೀರು, ಜೊಲ್ಲು, ಜಠರರಸ, ಪಿತ್ತರಸ ಎಲ್ಲ ಸೇರಿ ವಯಸ್ಕನ ಸಣ್ಣಕರುಳಿಗೆ ದಿನವೊಂದಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಬಂದು ಬೀಳುತ್ತದೆ. ಅದರಲ್ಲಿ ಮಲದೊಂದಿಗೆ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ, ಉಳಿದುದೆಲ್ಲ ಒಳಪೊರೆಯ ಮೂಲಕ ರಕ್ತಕ್ಕೆ ಮರಳುತ್ತದೆ. ಈ ಲೆಕ್ಕ ಸ್ವಲ್ಪ ಏರುಪೇರಾದರೂ ಭೇದಿ ತಪ್ಪಿದ್ದಲ್ಲ. ಕೆಲವು ರೋಗಾಣುಗಳು ಒಳಪೊರೆಯನ್ನು ಹರಿಯದೆ, ವಿಷವಸ್ತುವನ್ನು ಸುರಿಸಿ, ಹೀರಿಕೊಳ್ಳಬೇಕಾದ ಕೋಶಗಳು ನೀರನ್ನು ಹೊರಚೆಲ್ಲುವಂತೆ ಮಾಡುತ್ತವೆ. ಆಗ ಜ್ವರವಾಗಲಿ ರಕ್ತವಾಗಲಿ ಇಲ್ಲದ, ಪ್ರಮಾಣದಲ್ಲಿ ಹೆಚ್ಚಾದ ನೀರುಭೇದಿ ಕಾಣಿಸುತ್ತದೆ. ಇನ್ನು ಕೆಲವು ಒಳಪೊರೆಯನ್ನೇ ಹೊಕ್ಕು ಹುಣ್ಣು ಮಾಡುತ್ತವೆ. ಆಗ ಮಲ ಪ್ರಮಾಣದಲ್ಲಿ ಕಡಿಮೆಯಾದರೂ ಪದೇಪದೇ ಹೋಗುತ್ತದೆ, ರಕ್ತ ಮತ್ತು ಲೋಳೆ ಬೀಳುತ್ತವೆ, ಜ್ವರ ಬರುತ್ತದೆ, ಹೊಟ್ಟೆ ನುಲಿದು ಹೋದಷ್ಟೂ ಹೋಗಬೇಕೆನಿಸುವ ತಿಣುಕಾಟ ಕಾಡುತ್ತದೆ. ಮೊದಲನೆಯದು ಸಾಮಾನ್ಯವಾಗಿ ಸಣ್ಣಕರುಳಿನ ರೋಗ, ಎರಡನೆಯದು ದೊಡ್ಡಕರುಳಿನದು.

ಬ್ಯಾಕ್ಟೀರಿಯಾಗಳು

ನೀರುಭೇದಿಯ ಪರಮಾವಧಿ ಕಾಲರಾ. ಇಟಲಿಯ ಫಿಲಿಪ್ಪೊ ಪಾಚೀನಿ 1854ರಲ್ಲಿಯೇ ಇದರ ಬಾಗಿದ ಬ್ಯಾಕ್ಟೀರಿಯಾವನ್ನು ಕಂಡಿದ್ದರೂ ಆ ಮಾತನ್ನು ಲೋಕ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಜಾನ್ ಸ್ನೋ ರೋಗಾಣುವನ್ನು ನೋಡದೆಯೇ, ಸತ್ತವರ ಮನೆಗಳನ್ನು ಗುರುತಿಸುತ್ತಾ ಹೋಗಿ, ಬ್ರಾಡ್ ಸ್ಟ್ರೀಟ್‌ನ ನೀರಿನ ಪಂಪನ್ನು ಮೂಲವೆಂದು ತೋರಿಸಿಕೊಟ್ಟರು. ರಾಬರ್ಟ್ ಕಾಖ್ 1883ರಲ್ಲಿ ಈಜಿಪ್ಟಿನಲ್ಲಿ ಆರಂಭಿಸಿದ ಅಧ್ಯಯನವನ್ನು 1884ರಲ್ಲಿ ಕಲ್ಕತ್ತೆಯಲ್ಲಿ ಪೂರ್ಣಗೊಳಿಸಿ, ರೋಗಿಗಳ ಕರುಳಿನಲ್ಲಿಯೂ ಅಲ್ಲಿನ ಕೆರೆಯೊಂದರ ನೀರಿನಲ್ಲಿಯೂ ಅಲ್ಪವಿರಾಮದ ಆಕಾರದ ಅದೇ ಜೀವಿಯನ್ನು ಕಂಡುಹಿಡಿದರು. ಆದರೆ ಒಳಪೊರೆಯನ್ನು ಹೊಗದ ಈ ಜೀವಿ ಮನುಷ್ಯನನ್ನು ಕೆಲವೇ ಗಂಟೆಗಳಲ್ಲಿ ಹೇಗೆ ಕೊಲ್ಲುತ್ತದೆಂಬುದು ಇನ್ನೂ ಮುಕ್ಕಾಲು ಶತಮಾನ ಒಗಟಾಗಿಯೇ ಉಳಿಯಿತು. ಅದನ್ನು ಬಿಡಿಸಿದವರು ಕಲ್ಕತ್ತೆಯ ಶಂಭುನಾಥ ದೇ: ಮೊಲದ ಸಣ್ಣಕರುಳಿನ ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಗೆ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ಕೃಷಿದ್ರವವನ್ನು ಮಾತ್ರ ಚುಚ್ಚಿದರೂ ಕರುಳು ನೀರಿನಿಂದ ಉಬ್ಬುವುದನ್ನು ತೋರಿಸಿ, ರೋಗಕ್ಕೆ ಕಾರಣ ಬ್ಯಾಕ್ಟೀರಿಯಾ ಸ್ರವಿಸುವ ವಿಷವೆಂದು ಅವರು 1959ರಲ್ಲಿ ಪ್ರಕಟಿಸಿದರು. ಬಳಗದ ಹೊರಗೆ ಅವರಿಗೆ ಸಿಗಬೇಕಾದ ಮನ್ನಣೆ ಬದುಕಿದ್ದಾಗ ಸಿಗಲಿಲ್ಲವೆಂಬುದು ಭಾರತದ ವಿಜ್ಞಾನಚರಿತ್ರೆಯ ನೋವಿನ ಸಂಗತಿಗಳಲ್ಲೊಂದು. ಈ ವಿಷ ಕರುಳಿನ ಕೋಶದೊಳಗೆ ಒಂದು ಸಂದೇಶವಾಹಕ ಅಣುವಿನ ಮಟ್ಟವನ್ನು ಏರಿಸಿ ಕ್ಲೋರೈಡ್ ಹೊರಬೀಳುವ ಬಾಗಿಲನ್ನು ತೆರೆದೇ ಇಡುತ್ತದೆ, ಕ್ಲೋರೈಡಿನ ಹಿಂದೆ ಸೋಡಿಯಂ, ಅದರ ಹಿಂದೆ ನೀರು ಹರಿದುಹೋಗುತ್ತವೆ. ಅಕ್ಕಚ್ಚಿನಂತೆ ಬೆಳ್ಳಗಿರುವ ಮಲ ತೀವ್ರ ರೋಗಿಯಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಹೋಗಬಲ್ಲದು. 1961ರಲ್ಲಿ ಇಂಡೊನೇಷ್ಯಾದಿಂದ ಹೊರಟ ಎಲ್ ಟಾರ್ ಬಗೆಯ ಏಳನೆಯ ಮಹಾಮಾರಿ ಇನ್ನೂ ಮುಗಿದಿಲ್ಲ. 1992ರಲ್ಲಿ ಮದರಾಸಿನಲ್ಲಿ ಮೊದಲು ಗುರುತಾದ ಓ139 ಎಂಬ ಹೊಸ ಬಗೆ ಕೆಲವು ವರ್ಷ ಭಾರತ ಮತ್ತು ಬಾಂಗ್ಲಾದೇಶವನ್ನು ಕಾಡಿ ಹಿಂದೆ ಸರಿಯಿತು.

ಕಾಲರಾದಂತೆಯೇ ವಿಷ ಸುರಿಸಿ ನೀರುಭೇದಿ ತರುವ ಎಷರಿಕಿಯಾ ಕೋಲೈ ತಳಿಗಳು ಬಡ ದೇಶಗಳ ಮಕ್ಕಳಲ್ಲಿಯೂ ಪ್ರವಾಸಿಗಳಲ್ಲಿಯೂ ಸಾಮಾನ್ಯ. ಆದರೆ ಇದೇ ಜಾತಿಯ ಇನ್ನೊಂದು ಬಣ ಶಿಗಾ ವಿಷವನ್ನು ತಯಾರಿಸಿ ಕರುಳಿನ ರಕ್ತನಾಳಗಳನ್ನು ಕೆಡಿಸುವುದಲ್ಲದೆ, ಕೆಂಪು ರಕ್ತಕಣಗಳು ಒಡೆದು ಮೂತ್ರಪಿಂಡಗಳು ನಿಂತುಹೋಗುವ ಸ್ಥಿತಿಯನ್ನೂ ತರುತ್ತದೆ. 1982ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಮಾಂಸದಿಂದ ಹರಡಿ ಗುರುತಾದ ಓ157 ಇದರ ಪ್ರಸಿದ್ಧ ತಳಿ; 2011ರಲ್ಲಿ ಜರ್ಮನಿಯಲ್ಲಿ ಸುಮಾರು 3,800 ಜನರನ್ನು ಹಿಡಿದ ಓ104 ತಳಿ ಮೊಳಕೆ ಬರಿಸಿದ ಮೆಂತ್ಯಕಾಳಿನಿಂದ ಹರಡಿತ್ತು. ಇಂತಹ ಸೋಂಕಿನಲ್ಲಿ ಆಂಟಿಬಯಾಟಿಕ್ ಕೊಟ್ಟರೆ ವಿಷ ಇನ್ನಷ್ಟು ಬಿಡುಗಡೆಯಾಗುವ ಅಪಾಯವಿರುವುದರಿಂದ, ರಕ್ತಭೇದಿಗೆಲ್ಲ ಒಂದೇ ಔಷಧವೆಂಬ ಅಭ್ಯಾಸ ಇಲ್ಲಿ ರೋಗಿಗೆ ಕೇಡಾಗಬಹುದು.

ಭಾರತದಲ್ಲಿ ಜ್ವರದೊಂದಿಗೆ ಬರುವ ರಕ್ತಭೇದಿಗೆ ಮುಖ್ಯ ಕಾರಣ ಶಿಗೆಲ್ಲಾ. ಜಪಾನಿನ ಕಿಯೋಶಿ ಶಿಗಾ 1897ರ ಮಹಾಮಾರಿಯಲ್ಲಿ ಕಂಡುಹಿಡಿದ ಈ ಬ್ಯಾಕ್ಟೀರಿಯಾ 10ರಿಂದ 100ರಷ್ಟು ಸೇರಿದರೂ ರೋಗ ತರಬಲ್ಲದು. ಜಠರದ ಆಮ್ಲದಲ್ಲಿ ಸುಲಭವಾಗಿ ಸಾಯುವ ಕಾಲರಾಕ್ಕೆ ಕೋಟಿಗಟ್ಟಲೆ ಬೇಕು. ಕಾಲರಾ ನೀರಿನೊಡನೆ ಊರೂರಿಗೆ ಹಬ್ಬಿದರೆ ಶಿಗೆಲ್ಲಾ ಕೈಯಿಂದ ಕೈಗೆ, ಮನೆಯೊಳಗೆ, ಮಕ್ಕಳ ನಡುವೆ ಹಬ್ಬುವುದಕ್ಕೆ ಈ ವ್ಯತ್ಯಾಸವೇ ಕಾರಣ. ಕೋಳಿಯ ಮೂಲಕ ಬರುವ ಕ್ಯಾಂಪಿಲೋಬ್ಯಾಕ್ಟರ್, ಮೊಟ್ಟೆ ಮತ್ತು ಮಾಂಸದ ಮೂಲಕ ಬರುವ ಸಾಲ್ಮೊನೆಲ್ಲಾ ತಳಿಗಳು ಇದೇ ಸಾಲಿನವು. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಮಾತ್ರ ಬೇರೆ ದಾರಿ ಹಿಡಿಯುತ್ತದೆ: ಕರುಳನ್ನು ದಾಟಿ ರಕ್ತಕ್ಕಿಳಿದು, ಗುಲ್ಮ, ಯಕೃತ್ತು, ಮೂಳೆಮಜ್ಜೆಗಳಲ್ಲಿ ತಂಗಿ, ಒಂದರಿಂದ ಮೂರು ವಾರಗಳ ಬಳಿಕ ದಿನದಿನಕ್ಕೂ ಏರುವ ಜ್ವರವಾಗಿ ಕಾಣಿಸಿಕೊಳ್ಳುತ್ತದೆ, ಭೇದಿಗಿಂತ ಮಲಬದ್ಧತೆಯೇ ಎದ್ದುಕಾಣುವುದೂ ಉಂಟು. ಆಂಟಿಬಯಾಟಿಕ್ ತೆಗೆದುಕೊಂಡ ಆಸ್ಪತ್ರೆ ರೋಗಿಗಳಲ್ಲಿ, ಕರುಳಿನ ಸಹಜ ಬ್ಯಾಕ್ಟೀರಿಯಾಗಳು ಸತ್ತು ತೆರವಾದ ಜಾಗವನ್ನು ಹಿಡಿಯುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಇನ್ನೊಂದು ಮುಖ್ಯ ಕಾರಣ.

ಮದುವೆಮನೆಯ ಊಟದ ನಂತರ ಹಲವರು ಒಟ್ಟಿಗೆ ಅಸ್ವಸ್ಥರಾದಾಗ ಗಡಿಯಾರವೇ ಅರ್ಧ ರೋಗನಿರ್ಣಯ ಮಾಡಿಕೊಡುತ್ತದೆ. ಒಂದರಿಂದ ಆರು ಗಂಟೆಗಳೊಳಗೆ ವಾಂತಿ ಶುರುವಾದರೆ, ಆಹಾರದಲ್ಲಿ ಮೊದಲೇ ತಯಾರಾಗಿದ್ದ ಸ್ಟಫೈಲೋಕಾಕಸ್ ವಿಷವನ್ನೋ ಬೇಯಿಸಿಟ್ಟು ತಡವಾಗಿ ಬಡಿಸಿದ ಅನ್ನದಲ್ಲಿ ಬೆಳೆದ ಬ್ಯಾಸಿಲಸ್ ಸೀರಿಯಸ್‌ನ ವಿಷವನ್ನೋ ಊಹಿಸಬೇಕು, ಏಕೆಂದರೆ ಜೀವಿ ಕರುಳಿನಲ್ಲಿ ಬೆಳೆಯಲು ಅಷ್ಟು ಹೊತ್ತು ಸಾಲದು. ಮತ್ತೆ ಬಿಸಿ ಮಾಡಿದರೂ ಈ ವಿಷಗಳು ನಾಶವಾಗುವುದಿಲ್ಲ. 8ರಿಂದ 16 ಗಂಟೆಗಳ ಬಳಿಕ ಹೊಟ್ಟೆನೋವು ಮತ್ತು ಭೇದಿ ಕಾಣಿಸಿದರೆ ಕ್ಲಾಸ್ಟ್ರಿಡಿಯಮ್ ಪರ್‌ಫ್ರಿಂಜೆನ್ಸ್, ಒಂದೆರಡು ದಿನ ಕಳೆದು ಜ್ವರದೊಡನೆ ಬಂದರೆ ಸಾಲ್ಮೊನೆಲ್ಲಾ ಅಥವಾ ಶಿಗೆಲ್ಲಾ ಎಂದು ಶಂಕಿಸಲಾಗುತ್ತದೆ.

ವೈರಸ್‌ಗಳು

ಮಕ್ಕಳ ಭೇದಿಗೆ ವೈರಸ್ ಕಾರಣವೆಂದು ಬಹುಕಾಲ ಅನುಮಾನವಿದ್ದರೂ ಅದನ್ನು ಕಣ್ಣಾರೆ ಕಂಡದ್ದು 1973ರಲ್ಲಿ, ಮೆಲ್ಬರ್ನ್‌ನ ರೂತ್ ಬಿಷಪ್ ಮತ್ತು ಸಹೋದ್ಯೋಗಿಗಳು ಭೇದಿಯಿಂದ ನರಳುತ್ತಿದ್ದ ಮಕ್ಕಳ ಕರುಳಿನ ಸಣ್ಣ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಗಾಲಿಯಂತೆ ಕಂಡುದರಿಂದ ಅದಕ್ಕೆ ರೋಟಾವೈರಸ್ ಎಂಬ ಹೆಸರು ಬಂತು. ದೆಹಲಿಯ ನವಜಾತ ಶಿಶುಗಳಲ್ಲಿ ಎಂ. ಕೆ. ಭಾನ್ ಅವರ ತಂಡ ಗುರುತಿಸಿದ, ಬೆಂಗಳೂರಿನ ತಳಿಯಂತೆಯೇ ನಿರುಪದ್ರವಿಯಾಗಿದ್ದ 116ಇ ತಳಿಯೇ ಮುಂದೆ ಭಾರತದ ರೋಟಾವ್ಯಾಕ್ ಲಸಿಕೆಗೆ ಆಧಾರವಾಗಿ, 2016ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮವನ್ನು ಸೇರಿತು. ಅಮೆರಿಕದ ಓಹಾಯೋ ರಾಜ್ಯದ ನಾರ್‌ವಾಕ್ ಊರಿನ ಶಾಲೆಯಲ್ಲಿ 1968ರಲ್ಲಿ ಹರಡಿದ ವಾಂತಿರೋಗದಿಂದ ಹೆಸರು ಪಡೆದ ನೊರೋವೈರಸ್ ಎಲ್ಲ ವಯಸ್ಸಿನವರನ್ನೂ ಹಿಡಿಯುತ್ತದೆ; ಹಾಸ್ಟೆಲು, ಹಡಗು, ಆಸ್ಪತ್ರೆಗಳಲ್ಲಿ ಥಟ್ಟನೆ ಹಬ್ಬಿ ಎರಡು ಮೂರು ದಿನಗಳಲ್ಲಿ ಅಡಗುತ್ತದೆ. ಅಡೆನೊವೈರಸ್, ಆಸ್ಟ್ರೊವೈರಸ್, ಸಪೊವೈರಸ್‌ಗಳು ಉಳಿದ ಮುಖ್ಯ ವೈರಸ್‌ಗಳು.

ಏಕಕೋಶ ಪರಾವಲಂಬಿಗಳು ಮತ್ತು ಹುಳುಗಳು

ಆಂಟನಿ ಫಾನ್ ಲೇವೆನ್‌ಹುಕ್ 1681ರಲ್ಲಿ ತಮ್ಮದೇ ಭೇದಿಯನ್ನು ಮಸೂರದಡಿ ನೋಡಿದಾಗ ಈಜಾಡುತ್ತಿದ್ದ ಜೀವಿ ಜಿಯಾರ್ಡಿಯಾ ಆಗಿತ್ತೆಂದು ನಂಬಲಾಗಿದೆ. ಸಣ್ಣಕರುಳಿಗೆ ಅಂಟಿಕೊಂಡು ಕೊಬ್ಬಿನ ಹೀರಿಕೆಯನ್ನು ಕೆಡಿಸುವ ಇದು, ತೇಗು, ಹೊಟ್ಟೆಯುಬ್ಬರ, ದುರ್ವಾಸನೆಯ ಜಿಡ್ಡುಮಲಗಳೊಂದಿಗೆ ವಾರಗಟ್ಟಲೆ ಎಳೆಯುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಇನ್ನೊಂದು ಜೀವಿಯ ಬೀಜಕೋಶಗಳು ಕ್ಲೋರಿನ್ನಿಗೆ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಶುದ್ಧೀಕರಣ ಘಟಕವನ್ನು ದಾಟಿ ಬಂದ ಇದು ಸುಮಾರು 4 ಲಕ್ಷ ಜನರನ್ನು ಹಾಸಿಗೆ ಹಿಡಿಸಿತು. ಏಡ್ಸ್ ರೋಗಿಗಳಲ್ಲಿ ಮತ್ತು ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದರ ಬಾಧೆ ಹೆಚ್ಚು.

ಭಾರತದಲ್ಲಿ ಜನರ ಬಾಯಲ್ಲಿ ಹೆಚ್ಚು ಓಡಾಡುವ ಹೆಸರು ಅಮೀಬಾದ್ದು, ಮತ್ತು ಹೆಚ್ಚು ತಪ್ಪಾಗಿ ಬಳಕೆಯಾಗುವ ಹೆಸರೂ ಅದೇ. ಫ್ಯೋದರ್ ಲೋಷ್ 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವರ್ಣಿಸಿದ ಎಂಟಮೀಬಾ ಹಿಸ್ಟೊಲಿಟಿಕಾ ದೊಡ್ಡಕರುಳಿನ ಭಿತ್ತಿಯಲ್ಲಿ ಕಿರಿದಾದ ಬಾಯಿ, ಅಗಲವಾದ ತಳದ ಹೂಜಿಯಾಕಾರದ ಹುಣ್ಣುಗಳನ್ನು ಕೊರೆಯುತ್ತದೆ, ಕೆಲವರಲ್ಲಿ ಯಕೃತ್ತಿಗೆ ಸಾಗಿ ಕೀವುಗಟ್ಟಿಸುತ್ತದೆ. ಆದರೆ ಸೂಕ್ಷ್ಮದರ್ಶಕದಲ್ಲಿ ಇದರ ಪಡಿಯಚ್ಚಿನಂತೆಯೇ ಕಾಣುವ, ಯಾವ ರೋಗವನ್ನೂ ತರದ ಎಂಟಮೀಬಾ ಡಿಸ್ಪಾರ್ ಎಂಬ ಜೀವಿಯೊಂದಿದೆ. ಫ್ರಾನ್ಸಿನ ಎಮಿಲ್ ಬ್ರುಂಪ್ಟ್ 1925ರಲ್ಲಿಯೇ ಇವೆರಡು ಬೇರೆಯೆಂದಿದ್ದರೂ ಅದು ಅಧಿಕೃತವಾದುದು 1993ರಲ್ಲಿ, ರಾಸಾಯನಿಕ ಮತ್ತು ಅನುವಂಶೀಯ ಸಾಕ್ಷ್ಯಗಳು ಸಿಕ್ಕಮೇಲೆ. ಅಂದರೆ ಮಲದಲ್ಲಿ ಅಮೀಬಾ ಕೋಶ ಕಂಡಿತೆಂಬ ವರದಿಯ ಮೇಲೆ ದಶಕಗಳ ಕಾಲ ಔಷಧ ನುಂಗಿದವರಲ್ಲಿ ಅನೇಕರಿಗೆ ಆ ರೋಗ ಇದ್ದಿರಲಾರದು. ಕೆಂಪು ರಕ್ತಕಣಗಳನ್ನು ನುಂಗಿದ ಚಲಿಸುವ ಅಮೀಬಾ ಕಂಡರೆ ಅದು ರೋಗಕಾರಕವೆಂಬುದಕ್ಕೆ ಬಲವಾದ ಸೂಚನೆ. ಉಳಿದಂತೆ ಪ್ರತಿಜನಕ ಪರೀಕ್ಷೆಯೋ ಪಿಸಿಆರ್ ಪರೀಕ್ಷೆಯೋ ಇಲ್ಲದೆ ಎರಡನ್ನೂ ಬೇರ್ಪಡಿಸಲಾಗದು. ಮಲದಲ್ಲಿರುವ ಬಿಳಿರಕ್ತಕಣಗಳನ್ನೇ ಅಮೀಬಾ ಎಂದು ತಿಳಿಯುವುದು ಸಣ್ಣ ಪ್ರಯೋಗಾಲಯಗಳಲ್ಲಿ ಅಪರೂಪವಲ್ಲ.

ಹುಳುಗಳು ಭೇದಿಗಿಂತ ಹೆಚ್ಚಾಗಿ ರಕ್ತಹೀನತೆ, ಬೆಳವಣಿಗೆಯ ಕುಂಠಿತ ಮತ್ತು ಹೊಟ್ಟೆನೋವಿನ ಮೂಲಕ ಕಾಡುತ್ತವೆ. ಬರಿಗಾಲಿನಲ್ಲಿ ಒದ್ದೆಮಣ್ಣು ತುಳಿಯುವವರ ಚರ್ಮವನ್ನು ಕೊರೆದು ಒಳಬರುವ ಕೊಕ್ಕೆಹುಳುಗಳಲ್ಲಿ ಆಂಕಿಲೊಸ್ಟೊಮಾ ಜಾತಿಯ ಒಂದೊಂದು ಹುಳು ದಿನಕ್ಕೆ ಸುಮಾರು 0.2 ಮಿಲಿಲೀಟರ್ ರಕ್ತವನ್ನು ಕಳೆಯುತ್ತದೆ; ನೂರಾರು ಹುಳು ಹೊತ್ತ ಬಸುರಿಯಲ್ಲಿ ಇದರ ಲೆಕ್ಕ ಸಣ್ಣದಲ್ಲ. ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುವುದರಿಂದ ಅದರ ಪತ್ತೆ ಸುಲಭ. ಗುದದ ಸುತ್ತ ರಾತ್ರಿ ಮೊಟ್ಟೆಯಿಡುವ ದಾರದಂತಹ ಹುಳುವನ್ನು ಹುಡುಕಲು ಮಲಪರೀಕ್ಷೆಗಿಂತ, ಬೆಳಗ್ಗೆ ಸ್ನಾನಕ್ಕೆ ಮುಂಚೆ ಆ ಭಾಗಕ್ಕೆ ಅಂಟುಪಟ್ಟಿ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಸರಿಯಾದ ವಿಧಾನ. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಮಾತ್ರ ಕರುಳಿನೊಳಗೇ ಮರುಸೋಂಕು ಮಾಡಿಕೊಳ್ಳುತ್ತಾ ದಶಕಗಳ ಕಾಲ ಸದ್ದಿಲ್ಲದೆ ಇದ್ದು, ಬೇರೆ ಯಾವುದೋ ಕಾಯಿಲೆಗೆ ಸ್ಟೆರಾಯ್ಡ್ ಕೊಟ್ಟಾಗ ಮೈಯೆಲ್ಲ ಹರಡಿ ಪ್ರಾಣಕ್ಕೆ ಎರವಾಗಬಲ್ಲದು.

ರೋಗನಿರ್ಣಯ

ಪರೀಕ್ಷೆಗಳ ಪೈಕಿ ಮೊದಲನೆಯದು ರೋಗಿಯ ಹಾಸಿಗೆಯ ಬಳಿಯೇ ನಡೆಯುತ್ತದೆ. ಗುಳಿಬಿದ್ದ ಕಣ್ಣು, ತಡೆಯಲಾರದ ಬಾಯಾರಿಕೆ ಅಥವಾ ಕುಡಿಯಲೂ ಆಗದ ಮಂಪರು, ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟಾಗ ಎರಡು ಸೆಕೆಂಡುಗಳಾದರೂ ಮರಳದಿರುವುದು, ಇವು ದೇಹ ಕಳೆದುಕೊಂಡ ನೀರಿನ ಅಳತೆಯನ್ನು ಹೇಳುತ್ತವೆ. ಭೇದಿಯಿಂದ ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಈ ನಿರ್ಜಲೀಕರಣವೇ, ಮತ್ತು ಅದರ ಚಿಕಿತ್ಸೆಗೆ ರೋಗಾಣುವಿನ ಹೆಸರು ಬೇಕಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಾಲನಬಿಸ್ ಉಪ್ಪು, ಅಡಿಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಂಧುಗಳ ಕೈಯಿಂದಲೇ ಕುಡಿಸಿ, ಸುಮಾರು ಶೇಕಡ 30ರಷ್ಟಿದ್ದ ಸಾವಿನ ಪ್ರಮಾಣವನ್ನು ಶೇಕಡ 3.6ಕ್ಕೆ ಇಳಿಸಿದರು, ಅಲ್ಲಿ ಪ್ರತಿ ರೋಗಿಯ ಮಲವನ್ನೂ ಕೃಷಿ ಮಾಡಿ ವರದಿಗೆ ಕಾಯುತ್ತ ಕುಳಿತಿದ್ದರೆ ಈ ಅಂಕಿ ಸಾಧ್ಯವಿರಲಿಲ್ಲ. ಆದಕಾರಣ ಬಹುಪಾಲು ನೀರುಭೇದಿಗಳಲ್ಲಿ ಪ್ರಯೋಗಾಲಯದ ಪರೀಕ್ಷೆಯೇ ಅನಗತ್ಯ. ರಕ್ತ ಬಿದ್ದಾಗ, ಜೋರು ಜ್ವರವಿದ್ದಾಗ, ತೀವ್ರ ನಿರ್ಜಲೀಕರಣವಿದ್ದಾಗ, ಎರಡು ವಾರ ಮೀರಿದಾಗ, ರೋಗಿಯ ರೋಗನಿರೋಧಕ ಶಕ್ತಿ ಕುಗ್ಗಿದ್ದಾಗ, ಇತ್ತೀಚೆಗೆ ಆಸ್ಪತ್ರೆಯಲ್ಲಿದ್ದು ಬಂದಾಗ, ಅಥವಾ ಒಂದೇ ಊರಿನ ಹಲವರು ಒಟ್ಟಿಗೆ ಮಲಗಿದಾಗ ಪರೀಕ್ಷೆ ಅಗತ್ಯವಾಗುತ್ತದೆ.

ಪರೀಕ್ಷೆಯ ಫಲ ಮಾದರಿಯ ಗುಣವನ್ನು ಅವಲಂಬಿಸಿದೆ. ಆಂಟಿಬಯಾಟಿಕ್ ಕೊಡುವ ಮೊದಲು, ಮೂತ್ರ ಬೆರೆಯದಂತೆ, ಅಗಲಬಾಯಿಯ ಸ್ವಚ್ಛ ಡಬ್ಬಿಯಲ್ಲಿ ಹಿಡಿದ ತಾಜಾ ಮಲ, ಅದರಲ್ಲೂ ಲೋಳೆ ಮತ್ತು ರಕ್ತವಿರುವ ಭಾಗ ಬೇಕು. ಚಲಿಸುವ ಅಮೀಬಾವನ್ನು ನೋಡಬೇಕಾದರೆ ಅರ್ಧ ಗಂಟೆಯೊಳಗೆ ಸೂಕ್ಷ್ಮದರ್ಶಕದಡಿ ಇಡಬೇಕು. ದೂರದ ಪ್ರಯೋಗಾಲಯಕ್ಕೆ ಕಳುಹಿಸಬೇಕಾದ ಬ್ಯಾಕ್ಟೀರಿಯಾ ಮಾದರಿಯನ್ನು ಕ್ಯಾರಿ-ಬ್ಲೇರ್ ಎಂಬ ಸಾಗಣೆ ಮಾಧ್ಯಮದಲ್ಲಿ ಅದ್ದಿ ಕಳುಹಿಸಬೇಕು. ಇಷ್ಟು ಸಣ್ಣ ಎಚ್ಚರಿಕೆಗಳು ತಪ್ಪಿದ್ದರಿಂದ ಏನೂ ಸಿಗಲಿಲ್ಲವೆಂಬ ವರದಿ ಬಂದ ಪ್ರಸಂಗಗಳು, ನಿಜವಾಗಿಯೂ ಏನೂ ಇಲ್ಲದ ಪ್ರಸಂಗಗಳೊಂದಿಗೆ ಕಲೆತುಹೋಗುತ್ತವೆ. ಉಪ್ಪುನೀರಿನ ಹನಿಯಲ್ಲಿ ಮಲವನ್ನು ಕದಡಿ ನೋಡಿದರೆ ಚಲಿಸುವ ಜೀವಿಗಳು, ಹುಳುಗಳ ಮೊಟ್ಟೆ, ರಕ್ತಕಣಗಳು ಕಾಣುತ್ತವೆ. ಅಯೋಡಿನ್ ಹನಿಯಲ್ಲಿ ಏಕಕೋಶಜೀವಿಗಳ ಗಟ್ಟಿಚಿಪ್ಪಿನ ಕೋಶಗಳು ಎದ್ದುಕಾಣುತ್ತವೆ. ಪರಾವಲಂಬಿಗಳು ಪ್ರತಿದಿನವೂ ಸಮನಾಗಿ ಹೊರಬೀಳದ ಕಾರಣ ಬೇರೆಬೇರೆ ದಿನಗಳ ಮೂರು ಮಾದರಿಗಳನ್ನು ನೋಡುವುದು ರೂಢಿ. ಕ್ರಿಪ್ಟೊಸ್ಪೊರಿಡಿಯಂ ಸಾಮಾನ್ಯ ಪರೀಕ್ಷೆಯಲ್ಲಿ ಯೀಸ್ಟ್‌ನಂತೆ ಕಂಡು ಕಣ್ತಪ್ಪುವುದರಿಂದ ಕ್ಷಯದ ಬ್ಯಾಕ್ಟೀರಿಯಾಕ್ಕೆ ಬಳಸುವ ಬಗೆಯ ಆಮ್ಲನಿರೋಧಕ ಬಣ್ಣ ಹಾಕಬೇಕಾಗುತ್ತದೆ. ವೈದ್ಯರು ಕೇಳದಿದ್ದರೆ ಪ್ರಯೋಗಾಲಯ ಇದನ್ನು ತಾನಾಗಿ ಮಾಡದು. ಕಾಲರಾವನ್ನು ಮಾತ್ರ ಕುಳಿಗಾಜಿನಿಂದ ಇಳಿಬಿಟ್ಟ ಹನಿಯಲ್ಲಿ ನಿಮಿಷಗಳೊಳಗೆ ಶಂಕಿಸಬಹುದು: ನುಸಿಗಳ ಹಿಂಡಿನಂತೆ ಚಿಮ್ಮುತ್ತಾ ಓಡುವ ಬ್ಯಾಕ್ಟೀರಿಯಾಗಳು, ಓ1 ಪ್ರತಿರಕ್ತಸಾರದ ಹನಿ ಬಿದ್ದೊಡನೆ ಥಟ್ಟನೆ ನಿಂತುಬಿಡುತ್ತವೆ.

ಬ್ಯಾಕ್ಟೀರಿಯಾವನ್ನು ಖಚಿತಪಡಿಸಿಕೊಳ್ಳಲು ಕೃಷಿ ಮಾಡುವುದು, ಅಂದರೆ ಪೋಷಕ ಮಾಧ್ಯಮದಲ್ಲಿ ಬೆಳೆಸಿ ನೋಡುವುದು, ಇಂದಿಗೂ ಆಧಾರಸ್ತಂಭ. ಮಲದ ಅಸಂಖ್ಯ ನಿರುಪದ್ರವಿ ಬ್ಯಾಕ್ಟೀರಿಯಾಗಳ ನಡುವಿನಿಂದ ಬೇಕಾದುದನ್ನಷ್ಟೇ ಹೆಕ್ಕಬೇಕಾದ್ದರಿಂದ ಈ ಮಾಧ್ಯಮಗಳನ್ನು ಜಾಣತನದಿಂದ ರೂಪಿಸಲಾಗಿದೆ. ಮೆಕಾಂಕಿ ಮಾಧ್ಯಮದಲ್ಲಿ ಲ್ಯಾಕ್ಟೋಸ್ ಸಕ್ಕರೆಯನ್ನು ಹುಳಿಸುವ ಸಾಮಾನ್ಯ ಕೋಲೈ ಗುಲಾಬಿ ಬಣ್ಣದ ಚುಕ್ಕೆಗಳಾಗಿಯೂ, ಹುಳಿಸದ ಶಿಗೆಲ್ಲಾ ಮತ್ತು ಸಾಲ್ಮೊನೆಲ್ಲಾ ಬಣ್ಣವಿಲ್ಲದ ಚುಕ್ಕೆಗಳಾಗಿಯೂ ಬೆಳೆಯುತ್ತವೆ. ಟಿಸಿಬಿಎಸ್ ಮಾಧ್ಯಮದಲ್ಲಿ ಕಾಲರಾ ಹಳದಿಯಾಗಿ ಕಾಣುತ್ತದೆ. ಕ್ಯಾಂಪಿಲೋಬ್ಯಾಕ್ಟರ್‌ಗೆ ಆಮ್ಲಜನಕ ಕಡಿಮೆಯಿರುವ, 42 ಡಿಗ್ರಿ ಸೆಲ್ಸಿಯಸ್ ಕಾವಿನ ಪೆಟ್ಟಿಗೆ ಬೇಕು. ಎರಡು ಮೂರು ದಿನ ಹಿಡಿಯುವ ಈ ವಿಧಾನದ ದೊಡ್ಡ ಲಾಭವೆಂದರೆ ಜೀವಂತ ಬ್ಯಾಕ್ಟೀರಿಯಾ ಕೈಗೆ ಸಿಗುವುದರಿಂದ ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡಬಹುದು. ಶಿಗೆಲ್ಲಾ ಮತ್ತು ಟೈಫಾಯಿಡ್ ಎರಡೂ ಹಳೆಯ ಔಷಧಗಳನ್ನು ಒಂದೊಂದಾಗಿ ಮೀರಿ ಬೆಳೆದಿರುವ ಭಾರತದಲ್ಲಿ ಈ ಮಾಹಿತಿಯ ಬೆಲೆ ಹೆಚ್ಚು.

ಟೈಫಾಯಿಡ್‌ಗೆ ಬೇಕಾದದ್ದು ರಕ್ತದ ಕೃಷಿ. ಮೊದಲ ವಾರದಲ್ಲಿ, ಔಷಧ ಕೊಡುವ ಮುನ್ನ ತೆಗೆದ ರಕ್ತದಲ್ಲಿ ಸುಮಾರು ಶೇಕಡ 60ರಷ್ಟು ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸಿಗುತ್ತದೆ. ಮೂಳೆಮಜ್ಜೆಯಲ್ಲಿ ಈ ಪ್ರಮಾಣ ಶೇಕಡ 80ನ್ನು ಮೀರುತ್ತದೆ. ಆದರೆ ನಗರದ ಚಿಕ್ಕ ಚಿಕಿತ್ಸಾಲಯದಿಂದ ಹಳ್ಳಿಯವರೆಗೆ ಎಲ್ಲೆಡೆ ಬರೆದುಕೊಡುವುದು ಫೆರ್ನಾಂಡ್ ವಿಡಾಲ್ 1896ರಲ್ಲಿ ರೂಪಿಸಿದ, ರಕ್ತಸಾರದಲ್ಲಿರುವ ಪ್ರತಿಕಾಯಗಳನ್ನು ಅಳೆಯುವ ವಿಡಾಲ್ ಪರೀಕ್ಷೆ. ಟೈಫಾಯಿಡ್ ನೆಲೆಸಿರುವ ನಾಡಿನಲ್ಲಿ ಹಿಂದಿನ ಸೋಂಕಿನಿಂದಲೋ ಲಸಿಕೆಯಿಂದಲೋ ಅನೇಕರ ರಕ್ತದಲ್ಲಿ ಈ ಪ್ರತಿಕಾಯಗಳು ಮೊದಲೇ ಇರುತ್ತವೆ, ಬೇರೆ ಜ್ವರಗಳಲ್ಲಿಯೂ ಅವು ಏರುತ್ತವೆ, ನಿಜವಾದ ಟೈಫಾಯಿಡ್‌ನ ಮೊದಲ ದಿನಗಳಲ್ಲಿ ಏರಿರುವುದೇ ಇಲ್ಲ. ಎರಡು ವಾರಗಳ ಅಂತರದಲ್ಲಿ ಎರಡು ಸಲ ಅಳೆದು ನಾಲ್ಕು ಪಟ್ಟು ಏರಿಕೆಯನ್ನು ತೋರಿಸಿದರೆ ಮಾತ್ರ ಅದಕ್ಕೆ ಅರ್ಥವಿದೆ; ಒಂದೇ ಸಲದ ವಿಡಾಲ್ ವರದಿಯನ್ನು ಹಿಡಿದು ಟೈಫಾಯಿಡ್ ಎಂದು ಘೋಷಿಸುವ ಪದ್ಧತಿ ಎಷ್ಟು ವ್ಯಾಪಕವೋ ಅಷ್ಟೇ ಅಶಾಸ್ತ್ರೀಯ.

ರೋಗಾಣುವಿನ ಭಾಗಗಳನ್ನೇ ಗುರುತಿಸುವ ಪ್ರತಿಜನಕ ಪರೀಕ್ಷೆಗಳು ರೋಟಾವೈರಸ್, ಜಿಯಾರ್ಡಿಯಾ, ಕಾಲರಾಗಳಿಗೆ ನಿಮಿಷಗಳಲ್ಲಿ ಉತ್ತರ ಕೊಡುತ್ತವೆ. ಒಂದೇ ಬಾರಿಗೆ ಇಪ್ಪತ್ತಕ್ಕೂ ಹೆಚ್ಚು ರೋಗಾಣುಗಳ ಜೀನುಗಳನ್ನು ಹುಡುಕುವ ಬಹುಗುರಿ ಪಿಸಿಆರ್ ಪರೀಕ್ಷೆಗಳು ದೊಡ್ಡ ಆಸ್ಪತ್ರೆಗಳಿಗೆ ಬಂದಿವೆ. ಆದರೆ ಪರೀಕ್ಷೆ ಸೂಕ್ಷ್ಮವಾದಷ್ಟೂ ಆರಂಭದಲ್ಲಿ ಹೇಳಿದ ತೊಡಕು ಬಿಗಿಯಾಗುತ್ತದೆ. ಕೋಲ್ಕತ್ತವೂ ಸೇರಿದಂತೆ ಆಫ್ರಿಕಾ ಮತ್ತು ಏಷ್ಯಾದ ಏಳು ಕಡೆ ಐದು ವರ್ಷದೊಳಗಿನ ಸುಮಾರು 22,000 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಜೆಮ್ಸ್ ಎಂಬ ಅಧ್ಯಯನದಲ್ಲಿ, ಭೇದಿಯಾದ ಮಕ್ಕಳಲ್ಲಿ ಶೇಕಡ 83ರಷ್ಟು ಮಂದಿಯ ಮಲದಲ್ಲಿ ಒಂದಾದರೂ ರೋಗಾಣು ಸಿಕ್ಕಿತು; ಅದೇ ಓಣಿಯ ಆರೋಗ್ಯವಂತ ಮಕ್ಕಳಲ್ಲಿಯೂ ಶೇಕಡ 72ರಷ್ಟು ಮಂದಿಯಲ್ಲಿ ಸಿಕ್ಕಿತು. ಎರಡು ಗುಂಪುಗಳನ್ನು ಹೋಲಿಸಿದ ಮೇಲೆಯೇ ರೋಟಾವೈರಸ್, ಕ್ರಿಪ್ಟೊಸ್ಪೊರಿಡಿಯಂ, ವಿಷಕಾರಿ ಕೋಲೈ, ಶಿಗೆಲ್ಲಾಗಳು ನಿಜವಾದ ಕಾರಣಗಳಾಗಿ ಮೇಲೆದ್ದವು. ಅವೇ ಮಾದರಿಗಳನ್ನು ಜೀನುಗಳ ಪ್ರಮಾಣವನ್ನೂ ಅಳೆಯುವ ಪಿಸಿಆರ್‌ಗೆ ಒಡ್ಡಿ 2016ರಲ್ಲಿ ಪ್ರಕಟಿಸಿದಾಗ, ಕೃಷಿಯಲ್ಲಿ ಸುಲಭವಾಗಿ ಬೆಳೆಯದ ಶಿಗೆಲ್ಲಾದ ಪಾಲು ಮೊದಲಿನ ಅಂದಾಜಿಗಿಂತ ಬಹಳ ಹೆಚ್ಚೆಂದು ತಿಳಿಯಿತು. ರೋಗಾಣು ಇದೆಯೇ ಎಂಬುದಕ್ಕಿಂತ ಎಷ್ಟಿದೆ ಎಂಬ ಅಳತೆ ಕಾರಣಕ್ಕೆ ಹೆಚ್ಚು ಹತ್ತಿರವೆಂಬುದು ಆ ಮರುಪರೀಕ್ಷೆಯ ಮುಖ್ಯ ಫಲ.

ತಿಂಗಳುಗಟ್ಟಲೆ ಎಳೆಯುವ ಕಾಯಿಲೆಯಲ್ಲಿ ದಾರಿ ಬೇರೆ. ಸಣ್ಣಕರುಳು ದೊಡ್ಡಕರುಳನ್ನು ಸೇರುವೆಡೆ ಹುಣ್ಣು, ತೂಕ ಇಳಿಕೆ, ಸಂಜೆ ಜ್ವರ ಇರುವ ರೋಗಿಯಲ್ಲಿ ಕರುಳಿನ ಕ್ಷಯವನ್ನು ಕ್ರೋನ್ಸ್ ರೋಗದಿಂದ ಬೇರ್ಪಡಿಸುವುದು ಭಾರತೀಯ ವೈದ್ಯರ ಅತಿ ಕಠಿಣ ಸವಾಲುಗಳಲ್ಲೊಂದು. ಕ್ರೋನ್ಸ್‌ಗೆ ಕೊಡುವ ರೋಗನಿರೋಧಶಾಮಕ ಔಷಧ ಕ್ಷಯವನ್ನು ಕೆರಳಿಸುತ್ತದೆ. ಕರುಳುದರ್ಶಕದಿಂದ ತೆಗೆದ ಚೂರುಗಳಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಗುವುದು ಕೆಲವರಲ್ಲಿ ಮಾತ್ರ, ಜೀನು ಪರೀಕ್ಷೆಯೂ ಇಲ್ಲಿ ಅನೇಕ ಸಲ ಕೈಕೊಡುತ್ತದೆ. ಕಡೆಗೆ ಕ್ಷಯದ ಔಷಧವನ್ನೇ ಕೊಟ್ಟು, ಕೆಲವು ತಿಂಗಳ ಬಳಿಕ ಹುಣ್ಣು ಮಾಯ್ದಿದೆಯೇ ಎಂದು ಮತ್ತೊಮ್ಮೆ ಒಳಗೆ ನೋಡಿ ತೀರ್ಮಾನಿಸುವುದುಂಟು.

ಒಂದು ಊರಿಗೆ ಊರೇ ಭೇದಿಗೆ ಸಿಕ್ಕಾಗ ಪರೀಕ್ಷಿಸಬೇಕಾದ ಮಾದರಿ ಬರೀ ಮಲವಲ್ಲ. 2023ರ ಮಳೆಗಾಲದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿ ಕೆಲವರು ಪ್ರಾಣ ಕಳೆದುಕೊಂಡಾಗ ನಲ್ಲಿ, ತೊಟ್ಟಿ, ಕೊಳವೆಗಳೆಲ್ಲ ತನಿಖೆಯ ವಸ್ತುಗಳಾದವು. ಇಂತಹ ಕಡೆ ಬಳಸಲು ಕೆ. ಎಸ್. ಮಂಜ ಮತ್ತು ಸಹೋದ್ಯೋಗಿಗಳು 1982ರಲ್ಲಿ ಪ್ರಕಟಿಸಿದ ಸರಳ ವಿಧಾನವೊಂದು ಭಾರತದ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಪೋಷಕ ಮತ್ತು ಕಬ್ಬಿಣದ ಲವಣ ಹೀರಿಸಿದ ಕಾಗದದ ಪಟ್ಟಿಯಿರುವ ಸಣ್ಣ ಬಾಟಲಿಗೆ ಕುಡಿಯುವ ನೀರನ್ನು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಲಾಗುತ್ತದೆ. ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಇದ್ದರೆ ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಕಬ್ಬಿಣದೊಡನೆ ಸೇರಿ ಬಾಟಲಿ ಕಪ್ಪಾಗುತ್ತದೆ. ಆ ಕಪ್ಪು ಯಾವ ರೋಗಾಣುವಿನ ಹೆಸರನ್ನೂ ಹೇಳುವುದಿಲ್ಲ. ಆದರೆ ಚರಂಡಿಯ ನೀರು ಕುಡಿಯುವ ಕೊಳವೆಯನ್ನು ಸೇರಿದೆಯೆಂಬ ಶಂಕೆಗೆ ಅಷ್ಟು ಸಾಕು, ಮತ್ತು ಪ್ರಯೋಗಾಲಯವಿಲ್ಲದ ಊರಿನ ಆಶಾ ಕಾರ್ಯಕರ್ತೆಯೂ ಅದನ್ನು ಬರಿಗಣ್ಣಿನಿಂದ ಓದಬಲ್ಲಳು.